ಫ್ಲಾರೆನ್ಸಿನ ಪೇಟೆ ಬೀದಿಗಳು

ಪ್ರವಾಸ ಕಥನ ಓದುವ ಗೀಳು ನನಗೆ ಕಾಲೇಜು ದಿನಗಳಿಂದಲೂ ಇದೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಬಂದ ಅಂಥ ಪುಸ್ತಕಗಳಿಗೆ ನಂಬರು ಬೀಳುವ ಮೊದಲೇ ಅವು ನನ್ನ ಚೀಲ ಸೇರಿರುತ್ತವೆ. ಲೇಖಕರು ಯಾರೇ ಇರಲಿ, ದೇಶ ಯಾವುದೇ ಇರಲಿ, ಒಂದು ಮಾತು ಮಾತ್ರ ಆಗಾಗ ಎದುರಾಗುತ್ತದೆ. ಹೆಂಗಸರು ಶಾಪಿಂಗಿಗೆ ಹೋದರು, ಲೇಖಕರು ಮ್ಯೂಸಿಯಂ ನೋಡಲು ಹೋದರು ಎಂಬುದೇ ಆ ಮಾತು. ಅದರ ಹಿಂದೆ ಒಂದು ಕಿರುನಗೆಯೂ ಇರುತ್ತದೆ. ಪಾಪ, ಇವರಿಗೆ ಕಲೆಯ ಗೊಡವೆ ಯಾಕೆ ಎಂಬ ಉದಾರವಾದ ನಗೆ. ಮುಂದಿನ ಐದಾರು ಪುಟ ಗೋಪುರ, ಶಿಲ್ಪ, ಚಿತ್ರಗಳ ವರ್ಣನೆ. ಹೆಂಗಸರು ಏನು ನೋಡಿದರು, ಏನು ಕೊಂಡರು, ಯಾವುದನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳದೆ ಬಿಟ್ಟರು, ಯಾಕೆ ಬಿಟ್ಟರು ಎಂಬುದರ ಸುದ್ದಿಯೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯ ತೂಕ ಹೆಚ್ಚಾದಾಗ ಮಾತ್ರ ಅವರು ಮತ್ತೆ ಕಾಣಿಸಿಕೊಳ್ಳುತ್ತಾರೆ.

ಪ್ರವಾಸ ಕಂಪನಿಗಳು ಹಂಚುವ ಬಣ್ಣದ ಕರಪತ್ರಗಳದು ಇನ್ನೊಂದು ಬಗೆ. ಅವಕ್ಕೆ ಹೆಂಗಸರ ಮೇಲೆ ಬಹಳ ಪ್ರೀತಿ. ಇಟಲಿಯ ಫ್ಲಾರೆನ್ಸ್ ನಗರಕ್ಕೆ ಅವು ಅರ್ಧ ದಿನ ಕೊಡುತ್ತವೆ. ಒಂದು ಚರ್ಚು, ಒಂದು ಚೌಕ, ಬಳಿಕ 'ಚರ್ಮದ ಸಾಮಾನು ಮತ್ತು ಚಿನ್ನದ ಖರೀದಿಗೆ ಬಿಡುವು'. ನಾನು ಮೊದಲ ಸಲ ಹೋದಾಗ ನಮ್ಮ ಗುಂಪಿಗೆ ಸಿಕ್ಕಿದ್ದು ಇಂಥ ಎರಡು ಗಂಟೆಯ ಬಿಡುವು. ಕರೆದುಕೊಂಡು ಹೋದವರು ತಮಗೆ ಬೇಕಾದ ಒಂದೇ ಅಂಗಡಿಯ ಬಾಗಿಲಲ್ಲಿ ಬಿಟ್ಟು, ಅದೇ ಬಾಗಿಲಲ್ಲಿ ಹತ್ತಿಸಿಕೊಂಡರು. ಎರಡನೆಯ ಸಲ, ಮಗಳು ಕೆಲಸದ ಮೇಲೆ ಮಿಲಾನಿನಲ್ಲಿದ್ದಾಗ, ಅವಳೊಂದಿಗೆ ನಾಲ್ಕು ದಿನ ಅಲ್ಲೇ ಉಳಿದು ಬೀದಿ ಬೀದಿ ನಡೆದೆ. ಆಗ ನನಗೆ ಖಚಿತವಾದದ್ದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಅಂಗಡಿ ಬೇರೆ, ಕಲೆ ಬೇರೆ ಎಂದು ನಂಬಿದ ಪ್ರವಾಸ ಕಥನಕಾರರೂ ಕರಪತ್ರದವರೂ ಒಂದೇ ದೋಣಿಯವರು. ಫ್ಲಾರೆನ್ಸಿನ ಮಟ್ಟಿಗಂತೂ ಇಬ್ಬರ ಮಾತೂ ಸುಳ್ಳು. ಆ ಊರಿನಲ್ಲಿ ಮ್ಯೂಸಿಯಮ್ಮಿಗಿಂತ ಅಂಗಡಿಯೇ ಹಿರಿಯದು. ಅಂಗಡಿಯ ದುಡ್ಡಿನಿಂದ, ಅಂಗಡಿಯಲ್ಲಿ ಪಳಗಿದ ಕೈಗಳಿಂದ ಆದದ್ದೇ ನಾವು ಕತ್ತೆತ್ತಿ ನೋಡುವ ಕಲೆ.

ಮಕ್ಕಳಿಗೆ 'ಪುನರುಜ್ಜೀವನ'ದ ಪಾಠ ಮಾಡುವಾಗ ನಾವು ಮೆದಿಚಿ ಮನೆತನದ ಹೆಸರು ಹೇಳಿ ಮುಂದಕ್ಕೆ ಹೋಗುತ್ತೇವೆ. ಆದರೆ ಊರಿನ ನಡುವೆ ಓರ್ಸಾನ್‌ಮಿಕೇಲೆ ಎಂಬ ಒಂದು ಕಟ್ಟಡವಿದೆ. ಅದನ್ನು ನೋಡಿದರೆ ಬೇರೆಯೇ ಕತೆ ತಿಳಿಯುತ್ತದೆ. 1337ರಲ್ಲಿ ಕಟ್ಟಲು ತೊಡಗಿದಾಗ ಅದು ಕಾಳಿನ ಮಂಡಿ. ಬಳಿಕ ಚರ್ಚಾಯಿತು. ಅದರ ಹೊರಗೋಡೆಯ ಗೂಡುಗಳಲ್ಲಿ ವಿಗ್ರಹ ನಿಲ್ಲಿಸಿದವರು ರಾಜರಲ್ಲ, ಕಸುಬಿನ ಸಂಘಗಳು. ನಮ್ಮ ಐಹೊಳೆಯ ಐನೂರ್ವರ ಹಾಗೆ ಅಲ್ಲಿಯೂ ವ್ಯಾಪಾರಿಗಳ, ಕಸುಬುದಾರರ ಸಂಘಗಳಿದ್ದವು. ಏಳು ದೊಡ್ಡವು, ಹದಿನಾಲ್ಕು ಚಿಕ್ಕವು. ಉಣ್ಣೆಯವರದು, ರೇಷ್ಮೆಯವರದು, ಹಣ ವಿನಿಮಯದವರದು, ನಾರುಬಟ್ಟೆಯವರದು, ಮೋಚಿಗಳದು, ಕಮ್ಮಾರರದು. ದೊನಾತೆಲ್ಲೊ ಎಂಬ ಮಹಾಶಿಲ್ಪಿ ಸಂತ ಮಾರ್ಕನ ವಿಗ್ರಹ ಕಡೆದದ್ದು ನಾರುಬಟ್ಟೆ ವ್ಯಾಪಾರಿಗಳಿಗಾಗಿ. ಸಂತ ಜಾರ್ಜನನ್ನು ಕಡೆದದ್ದು ಕವಚ ಕತ್ತಿ ಮಾಡುವವರಿಗಾಗಿ. ಕಲ್ಲುಕುಟಿಗರೂ ಮರಗೆಲಸದವರೂ ನಿಲ್ಲಿಸಿದ ನಾಲ್ವರು ಸಂತರ ಕಾಲಡಿ ಒಂದು ಸಣ್ಣ ಉಬ್ಬುಶಿಲ್ಪವಿದೆ. ಅದರಲ್ಲಿ ಒಬ್ಬ ಗೋಡೆ ಕಟ್ಟುತ್ತಿದ್ದಾನೆ, ಒಬ್ಬ ಕಂಬಕ್ಕೆ ಬೈರಿಗೆ ಹಿಡಿದಿದ್ದಾನೆ, ಒಬ್ಬ ಮಗುವಿನ ಮೂರ್ತಿ ಕೆತ್ತುತ್ತಿದ್ದಾನೆ. ಮೂಲ ವಿಗ್ರಹಗಳನ್ನು ಈಗ ಒಳಗೆ ಇಟ್ಟು ಹೊರಗೆ ಪ್ರತಿಗಳನ್ನು ನಿಲ್ಲಿಸಿದ್ದಾರೆ. ಆದರೂ ಬೀದಿಯಲ್ಲಿ ನಿಂತು ನೋಡುವುದರಲ್ಲೇ ಅದರ ಅರ್ಥವಿದೆ, ಏಕೆಂದರೆ ಅದು ಪೇಟೆ ಬೀದಿಗೆಂದೇ ಆದದ್ದು.

ಊರಿಗೆಲ್ಲ ಕಾಣುವ ಆ ಕೆಂಪು ಗುಮ್ಮಟದ ಚರ್ಚಿನ ಕೆಲಸ ಉಣ್ಣೆ ಸಂಘದ ಉಸ್ತುವಾರಿಯಲ್ಲಿತ್ತು. ಎದುರಿನ ದೀಕ್ಷಾಮಂದಿರದ ಹೊಳೆಯುವ ಕಂಚಿನ ಬಾಗಿಲುಗಳನ್ನು ಮಾಡಿಸಿದವರು ಹೊರದೇಶದ ಬಟ್ಟೆ ತಂದು ಹದಮಾಡಿ ಮಾರುತ್ತಿದ್ದ ವ್ಯಾಪಾರಿಗಳು. ಬಾಗಿಲು ಮಾಡಿದ ಗಿಬೆರ್ತಿಯೂ, ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿಯೂ ಕಲಿತದ್ದು ಅಕ್ಕಸಾಲಿಗರ ಕೆಲಸ. ಬೊತ್ತಿಚೆಲ್ಲಿಯ ತಂದೆ ಚರ್ಮ ಹದಮಾಡುವವನು. ಚಿತ್ರಕಾರರಿಗೆ ತಮ್ಮದೇ ಸಂಘವಿರಲಿಲ್ಲ, ಅವರು ವೈದ್ಯರ ಮತ್ತು ಗಂಧಿಗೆ ಅಂಗಡಿಯವರ ಸಂಘಕ್ಕೆ ಸೇರಿದವರು. ಬಣ್ಣದ ಪುಡಿ ಸಿಗುತ್ತಿದ್ದದ್ದು ಔಷಧಿಯ ಅಂಗಡಿಯಲ್ಲಿ, ಅದಕ್ಕೆ! 1338ರ ಸುಮಾರಿನಲ್ಲಿ ಊರಿನಲ್ಲಿ ಇನ್ನೂರಕ್ಕೂ ಹೆಚ್ಚು ಉಣ್ಣೆ ಕಾರ್ಖಾನೆಗಳಿದ್ದವು, ಮೂವತ್ತು ಸಾವಿರ ಜನ ಅದರಿಂದ ಬದುಕುತ್ತಿದ್ದರು ಎಂದು ಆ ಕಾಲದ ಚರಿತ್ರಕಾರ ವಿಲ್ಲಾನಿ ಬರೆದಿಟ್ಟಿದ್ದಾನೆ. ಇಷ್ಟನ್ನು ತಿಳಿದ ಮೇಲೆ 'ಶಾಪಿಂಗಿಗೆ ಹೋದರು' ಎಂದು ನಗುವುದು ಯಾವ ನ್ಯಾಯ?

ಹಾಗೆಂದು ಇಂದಿನ ಫ್ಲಾರೆನ್ಸಿನ ಅಂಗಡಿಗಳೆಲ್ಲ ಆ ಪರಂಪರೆಯ ವಾರಸುದಾರರೆಂದು ನಾನು ಹೇಳಲಾರೆ. ನನ್ನ ತಕರಾರು ಶುರುವಾಗುವುದು ಇಲ್ಲಿಯೇ. ಪೊಂಟೆ ವೆಕ್ಕಿಯೊ, ಅಂದರೆ ಹಳೆಯ ಸೇತುವೆ, ಅದರಿಂದಲೇ ಆರಂಭಿಸೋಣ. 1333ರಲ್ಲಿ ಆರ್ನೊ ನದಿಯ ನೆರೆಗೆ ಕೊಚ್ಚಿಹೋದ ಸೇತುವೆಯನ್ನು 1345ರಲ್ಲಿ ಮತ್ತೆ ಕಟ್ಟಿದರು. ಬಹಳ ಕಾಲ ಅದರ ಮೇಲೆ ಇದ್ದವು ಮಾಂಸದ ಅಂಗಡಿಗಳು. ಕಸಕಡ್ಡಿಯೆಲ್ಲ ನೇರ ಹೊಳೆಗೆ. 1565ರಲ್ಲಿ ಮೆದಿಚಿ ಪ್ರಭುಗಳು ತಮ್ಮ ಓಡಾಟಕ್ಕೆಂದು ಸೇತುವೆಯ ನೆತ್ತಿಯ ಮೇಲೆ ಒಂದು ಮುಚ್ಚಿದ ಓಣಿ ಕಟ್ಟಿಸಿಕೊಂಡರು. ಕೆಳಗಿನ ನಾತ ಮೇಲಕ್ಕೆ ಬಾರದಿರುತ್ತದೆಯೆ? 1593ರಲ್ಲಿ ಒಂದನೆಯ ಫೆರ್ದಿನಾಂದೊ ಮಾಂಸದವರನ್ನು ಎಬ್ಬಿಸಿ, ಇಲ್ಲಿ ಅಕ್ಕಸಾಲಿಗರೂ ರತ್ನಪಡಿ ವ್ಯಾಪಾರಿಗಳೂ ಮಾತ್ರ ಇರತಕ್ಕದ್ದು ಎಂದು ಆಜ್ಞೆ ಮಾಡಿದ. ಅಂದಿನಿಂದ ಇಂದಿನವರೆಗೂ ಅಲ್ಲಿ ಚಿನ್ನವೇ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಊರಿನ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿ ಇದೊಂದನ್ನು ಬಿಟ್ಟಿತು. ಸಂಜೆ ಅಂಗಡಿ ಮುಚ್ಚುವಾಗ ಹೋಗಿ ನೋಡಬೇಕು. ದಪ್ಪ ಮರದ ಕದ, ಕಬ್ಬಿಣದ ಪಟ್ಟಿ. ಒಂದೊಂದು ಅಂಗಡಿಯೂ ಅಜ್ಜಿಯ ಕಾಲದ ಒಡವೆ ಪೆಟ್ಟಿಗೆಯ ಹಾಗೆ ಕಾಣುತ್ತದೆ.

ನೋಡುವುದಕ್ಕೆ ಇದಕ್ಕಿಂತ ಚೆಂದದ ಬೀದಿ ಇನ್ನೊಂದಿಲ್ಲ ಎಂದು ಒಪ್ಪುತ್ತೇನೆ. ಕೊಳ್ಳುವ ಮಾತು ಬೇರೆ. ಅಲ್ಲಿ ಸಿಗುವುದು ಹದಿನೆಂಟು ಕ್ಯಾರೆಟ್ಟಿನ ಚಿನ್ನ, '750' ಎಂಬ ಮುದ್ರೆ. '916' ನೋಡಿ ಪಳಗಿದ ನಮ್ಮ ಕಣ್ಣಿಗೆ ಅದು ಸ್ವಲ್ಪ ಬೇರೆ ಬಣ್ಣ. ಅದು ದೋಷವಲ್ಲ, ಅಲ್ಲಿಯ ಪದ್ಧತಿ. ನೋಡಬೇಕಾದದ್ದು ಪಕ್ಕದ ಇನ್ನೊಂದು ಸಣ್ಣ ಮುದ್ರೆಯನ್ನು. ಒಂದು ನಕ್ಷತ್ರ, ಒಂದು ಸಂಖ್ಯೆ, ಎರಡು ಅಕ್ಷರ. ಆ ಅಕ್ಷರ ಮಾಡಿದವರ ಜಿಲ್ಲೆಯನ್ನು ಹೇಳುತ್ತದೆ. 'ಎಫ್‌ಐ' ಎಂದಿದ್ದರೆ ಫ್ಲಾರೆನ್ಸ್, 'ಎಆರ್' ಎಂದಿದ್ದರೆ ಚಿನ್ನದ ಕಾರ್ಖಾನೆಗಳಿಗೆ ಹೆಸರಾದ ಅರೆಜ್ಜೊ. ಕಾರ್ಖಾನೆಯ ಒಡವೆ ಕೆಟ್ಟದ್ದೇನಲ್ಲ. ಆದರೆ ಸೇತುವೆಯ ಹೆಸರಿಗೆ ಬೆಲೆ ಕೊಟ್ಟು ಕಾರ್ಖಾನೆಯ ಒಡವೆ ತರುವುದಾದರೆ ಹಾಗೆಂದು ಗೊತ್ತಿದ್ದು ತರಬೇಕು. ಮಗಳು ಒಂದು ಜೊತೆ ಓಲೆಯ ಹಿಂಬದಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಅಂಗಡಿಯ ಮುದುಕ ಬೇಸರಿಸಲಿಲ್ಲ, ಖುಷಿಪಟ್ಟ. "ಅಮ್ಮಾ, ಇವರು ಒಳ್ಳೆಯವರು. ನೋಡಬೇಡಿ ಅನ್ನಲಿಲ್ಲ" ಎಂದಳು. ಒಳ್ಳೆಯ ಅಂಗಡಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಿಲ್ಲ.

ಸೇತುವೆಯಿಂದ ಊರ ಕಡೆ ಸ್ವಲ್ಪ ನಡೆದರೆ ಮೆರ್ಕಾತೊ ನೂವೊ, ಹೊಸ ಮಾರುಕಟ್ಟೆ. 'ಹೊಸ' ಎಂಬುದು ಹೆಸರಿಗೆ ಮಾತ್ರ. ರೇಷ್ಮೆ, ಚಿನ್ನಗಳ ವ್ಯವಹಾರಕ್ಕೆಂದು 1547ರಿಂದ 1551ರ ನಡುವೆ ಕಟ್ಟಿದ ಕಂಬದ ಮಂಟಪ ಅದು. ಪಕ್ಕದಲ್ಲಿ ಕಂಚಿನ ಕಾಡುಹಂದಿಯೊಂದು ಕೂತಿದೆ. ಅದರ ಮೂತಿ ಸವರಿ, ಬಾಯಲ್ಲಿ ನಾಣ್ಯವಿಟ್ಟು, ಅದು ಜಾರಿ ಕೆಳಗಿನ ಸರಳಿನೊಳಗೆ ಬಿದ್ದರೆ ಶುಭವೆಂದು ನಂಬಿಕೆ. ಪ್ರವಾಸಿಗರೆಲ್ಲ ಸಾಲುಗಟ್ಟಿ ಅದರ ಮೂತಿಯನ್ನು ಬಂಗಾರದ ಹಾಗೆ ಹೊಳಪು ಮಾಡಿದ್ದಾರೆ. ಆದರೆ ಮಂಟಪದ ನಡು ನೆಲದಲ್ಲಿ ಗಾಲಿಯ ಆಕಾರದ ಒಂದು ಅಮೃತಶಿಲೆಯಿದೆ. ಅಂಗಡಿಗಳು ಹರಡಿಕೊಂಡಾಗ ಅದು ಕಾಣುವುದೂ ಇಲ್ಲ. ದಿವಾಳಿ ಎದ್ದ ವ್ಯಾಪಾರಿಯನ್ನು ಹಿಂದೆ ಅಲ್ಲಿಗೆ ಕರೆತಂದು, ಉಟ್ಟದ್ದನ್ನು ಜಾರಿಸಿ, ಊರವರೆಲ್ಲ ನೋಡುವಂತೆ ಅವನ ಹಿಂಭಾಗವನ್ನು ಆ ಕಲ್ಲಿಗೆ ಕುಕ್ಕುತ್ತಿದ್ದರು. ಕ್ರೂರವೆಂದರೆ ಕ್ರೂರವೇ. ಆದರೆ ಒಂದು ಮಾತು ಅದರಲ್ಲಿ ಸ್ಪಷ್ಟವಿತ್ತು. ಮಾರುವವನಿಗೆ ಒಂದು ಮುಖವಿರಬೇಕು, ಮಾತು ತಪ್ಪಿದರೆ ಉತ್ತರ ಹೇಳಬೇಕು.

ಇಂದು ಅದೇ ಕಲ್ಲಿನ ಸುತ್ತ ತೂಗಿಬಿಟ್ಟ ಚೀಲಗಳಲ್ಲಿ, ಸ್ಕಾರ್ಫುಗಳಲ್ಲಿ ಮಾಡಿದವರ ಹೆಸರಿರುವುದು ಅಪರೂಪ. 'ಫಿರೆಂಜೆ' ಎಂಬ ಊರಿನ ಹೆಸರು ಮಾತ್ರ ಎಲ್ಲದರ ಮೇಲೂ ಇದೆ. ಈ ಮಂಟಪಕ್ಕೆ ಹುಲ್ಲಿನ ಮಾರುಕಟ್ಟೆ ಎಂಬ ಹೆಸರೂ ಇತ್ತು, ಹುಲ್ಲಿನ ಟೋಪಿಗಳು ಇಲ್ಲಿ ಮಾರಾಟವಾಗುತ್ತಿದ್ದವು. ವಸಂತದಲ್ಲಿ ಬಿತ್ತಿದ ಗೋಧಿಯನ್ನು ತೆನೆ ಬಲಿಯುವ ಮೊದಲೇ ಕಿತ್ತು, ಒಣಗಿಸಿ, ಆ ನವಿರಾದ ಹುಲ್ಲನ್ನು ಜಡೆಯ ಹಾಗೆ ಹೆಣೆಯುತ್ತಿದ್ದವರು ಸುತ್ತಲ ಹಳ್ಳಿಯ ಹೆಂಗಸರು. ಮನೆಗೆಲಸದ ನಡುವೆ, ನಡೆಯುತ್ತ, ಮಾತಾಡುತ್ತ ಹೆಣೆಯುವ ಕೆಲಸ. ಆ ಟೋಪಿ ಇಂಗ್ಲೆಂಡಿನ ದೊರೆಸಾನಿಯರ ತಲೆಯೇರಿತು. ಹೆಣೆದವಳ ಕೈಗೆ ಬಂದದ್ದು ಚಿಲ್ಲರೆ ಕಾಸು. 1896ರಲ್ಲಿ ಆ ಹೆಂಗಸರು ಕೆಲಸ ಬಿಟ್ಟು ಮುಷ್ಕರ ಹೂಡಿದರು. ಹಂದಿಯ ಮೂತಿ ಸವರುವ ಯಾರಿಗೂ ಈ ಕತೆಯನ್ನು ಮಾರ್ಗದರ್ಶಕರು ಹೇಳಿದ್ದನ್ನು ನಾನು ಕೇಳಲಿಲ್ಲ.

ಈಗ ಚರ್ಮದ ಮಾತು. ನಮ್ಮ ಕಡೆಯಿಂದ ಹೋದವರೆಲ್ಲ ಫ್ಲಾರೆನ್ಸಿನಿಂದ ತರುವುದು ಒಂದು ಕೈಚೀಲ ಅಥವಾ ಗಂಡನಿಗೊಂದು ಬೆಲ್ಟು. ಸಾನ್ ಲೊರೆಂಜೊ ಚರ್ಚಿನ ಹತ್ತಿರದ ಬೀದಿಗಳಲ್ಲಿ ಸಾಲು ಸಾಲು ತಳ್ಳುಗಾಡಿ ಅಂಗಡಿಗಳು. ಬಣ್ಣ ಬಣ್ಣದ ಚೀಲಗಳು, ಜಾಕೀಟುಗಳು, ಚೌಕಾಸಿಗೆ ಆಹ್ವಾನ, 'ವೇರಾ ಪೆಲ್ಲೆ' ಅಂದರೆ ನಿಜವಾದ ಚರ್ಮ ಎಂಬ ಮೊಹರು. ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಜವಾದ ಚರ್ಮವೇ ಆಗಿದ್ದರೂ ಅದು ಎಲ್ಲಿಯದು, ಯಾರು ಹೊಲಿದದ್ದು ಎಂಬುದನ್ನು ಆ ಮೊಹರು ಹೇಳುವುದಿಲ್ಲ. ಸೀರೆಯ ಸೆರಗು ತಿರುಗಿಸಿ ಹಿಂಬದಿ ನೋಡುವ ನಮಗೆ ಚೀಲ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕತ್ತರಿಸಿದ ಅಂಚಿನಲ್ಲಿ ನಾರು ಕಾಣಬೇಕು, ಪದರ ಪದರವಾಗಿ ಪ್ಲಾಸ್ಟಿಕ್ ಎದ್ದಿರಬಾರದು. ಹೊಲಿಗೆ ತಿರುವಿನಲ್ಲೂ ಒಂದೇ ಅಳತೆಯಲ್ಲಿರಬೇಕು. ಮರದ ತೊಗಟೆ, ಕಾಯಿಗಳ ರಸದಲ್ಲಿ ಹದಮಾಡಿದ ಚರ್ಮಕ್ಕೆ ಅದರದೇ ವಾಸನೆಯಿರುತ್ತದೆ, ಬಳಸಿದಷ್ಟೂ ಬಣ್ಣ ಗಾಢವಾಗುತ್ತದೆ. ಫ್ಲಾರೆನ್ಸಿಗೂ ಪೀಸಾಕ್ಕೂ ನಡುವೆ ಇರುವ ಸಾಂತಾ ಕ್ರೋಚೆ ಸುಲ್ಲಾರ್ನೊ ಎಂಬ ಊರು ಇಂಥ ಹದಗೆಲಸಕ್ಕೆ ಹೆಸರಾದದ್ದು.

'ಇಟಲಿಯಲ್ಲಿ ತಯಾರಾದದ್ದು' ಎಂಬ ಚೀಟಿಯನ್ನು ನೋಡಿ ನೆಮ್ಮದಿಪಡುವವರು ಒಂದು ದಿನಾಂಕವನ್ನು ನೆನಪಿನಲ್ಲಿಡಬೇಕು. 2013ರ ಡಿಸೆಂಬರ್ 1. ಫ್ಲಾರೆನ್ಸಿನ ಪಕ್ಕದ ಬಟ್ಟೆಗಿರಣಿಗಳ ಊರಾದ ಪ್ರಾತೊದಲ್ಲಿ ಒಂದು ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಕೆಲಸದ ಜಾಗದಲ್ಲೇ ರಟ್ಟಿನ ಹಾಗಿರುವ ಗೋಡೆ ಹಾಕಿ ಮಾಡಿದ ಗೂಡುಗಳಲ್ಲಿ ಮಲಗಿದ್ದ ಏಳು ಮಂದಿ ಚೀನೀ ಕೆಲಸಗಾರರು ಸತ್ತರು. ಅಂಥ ಕಡೆ ಹೊಲಿದದ್ದೂ ಕಾನೂನಿನ ಪ್ರಕಾರ ಇಟಲಿಯಲ್ಲಿಯೇ ತಯಾರಾದದ್ದು. ಚೀಟಿ ಸುಳ್ಳಾಡುವುದಿಲ್ಲ, ಪೂರ್ತಿ ನಿಜವನ್ನೂ ಹೇಳುವುದಿಲ್ಲ. ಆದ್ದರಿಂದ ಸಾನ್ ಲೊರೆಂಜೊದಲ್ಲಿ ನಿಂತು 'ಎಷ್ಟು ಕಡಿಮೆ ಮಾಡುತ್ತೀಯ?' ಎಂದು ಕೇಳುವ ಮೊದಲು, ಇಷ್ಟು ಕಡಿಮೆಗೆ ಇದು ಹೇಗೆ ಸಾಧ್ಯವಾಯಿತು ಎಂದು ಮನಸ್ಸಿನಲ್ಲೇ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಮನೆಗೆಲಸದವಳ ಸಂಬಳದಲ್ಲಿ ಚೌಕಾಸಿ ಮಾಡಬಾರದೆಂದು ಬಲ್ಲ ಗೃಹಿಣಿಗೆ ಈ ಪ್ರಶ್ನೆ ಹೊಸದಲ್ಲ.

ಇಷ್ಟು ಹೇಳಿದ ಮೇಲೆ, ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬ ತೀರ್ಮಾನಕ್ಕೆ ಯಾರಾದರೂ ಬಂದರೆ ಅದನ್ನೂ ನಾನು ಒಪ್ಪುವುದಿಲ್ಲ. ಸಂಘಗಳ ಆ ಕಾಲ ಯಾರ ಪಾಲಿಗೆ ಚೆನ್ನಾಗಿತ್ತು? ಉಣ್ಣೆ ಬಾಚುವ ಕೂಲಿಗಳಿಗೆ ಸಂಘ ಕಟ್ಟುವ ಹಕ್ಕೇ ಇರಲಿಲ್ಲ. 1378ರಲ್ಲಿ ಅವರು ದಂಗೆಯೆದ್ದು, ಊರಿನ ಆಡಳಿತವನ್ನೇ ಹಿಡಿದು, ತಮ್ಮದೊಂದು ಸಂಘ ಮಾಡಿಕೊಂಡರು. ಅದೇ ವರ್ಷ ಅದನ್ನು ಮುರಿದು ಹಾಕಲಾಯಿತು. ಹೆಂಗಸರ ವಿಷಯದಲ್ಲಂತೂ ಆ ಊರಿನ ಹಿರಿಯರು ವಿಚಿತ್ರ ಜನ. ರೇಷ್ಮೆ, ಮಖಮಲ್ಲು ನೇಯಿಸಿ ಲೋಕಕ್ಕೆಲ್ಲ ಮಾರುವವರು ಅವರೇ. ತಮ್ಮ ಊರಿನ ಹೆಂಗಸರು ಅದನ್ನು ಉಡಬಾರದೆಂದು ಕಾನೂನು ಮಾಡಿದವರೂ ಅವರೇ. 1343ರಲ್ಲಿ ಅಧಿಕಾರಿಗಳು ಹೆಂಗಸರ ನಿಷಿದ್ಧ ಉಡುಪುಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದಕ್ಕೂ ಸೀಸದ ಮುದ್ರೆ ಒತ್ತಿದರು. ಮುದ್ರೆಯಿದ್ದರೆ ಉಡಬಹುದು, ಇಲ್ಲದಿದ್ದರೆ ದಂಡ.

ಆದರೆ ಫ್ಲಾರೆನ್ಸಿನ ಹೆಂಗಸರೇನು ಕಡಿಮೆಯವರೆ? ಹದಿನಾಲ್ಕನೆಯ ಶತಮಾನದ ಕತೆಗಾರ ಸಾಕ್ಕೆತ್ತಿ ಒಂದು ಪ್ರಸಂಗ ಹೇಳುತ್ತಾನೆ. ಹೊರಗಿನಿಂದ ಬಂದ ನ್ಯಾಯಾಧಿಕಾರಿಗೆ ಈ ಕಾನೂನು ಜಾರಿ ಮಾಡುವ ಕೆಲಸ ಬಿತ್ತು. ಅವನ ಕಡೆಯವನು ಒಬ್ಬಳನ್ನು ತಡೆದು, ಇಷ್ಟು ಗುಂಡಿ ಹಾಕುವಂತಿಲ್ಲ ಎಂದ. ಇವು ಗುಂಡಿಗಳೇ ಅಲ್ಲ, ಬರಿಯ ಬಟ್ಟಲುಗಳು, ಬೇಕಾದರೆ ನೋಡು, ಇವಕ್ಕೆ ಕಾಜವೇ ಇಲ್ಲ ಎಂದಳು ಅವಳು. ಇನ್ನೊಬ್ಬಳ ತುಪ್ಪಳದ ಅಂಚಿಗೆ ಆಕ್ಷೇಪಿಸಿದರೆ, ಅದು ನೀನು ಹೇಳುವ ಪ್ರಾಣಿಯದಲ್ಲ, ಬೇರೆಯದು ಎಂದಳು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು! ಕೊನೆಗೆ ಅಧಿಕಾರಿಯೇ ಸೋತು ಕೈಬಿಟ್ಟ. ಓದಿ ನಗು ಬರುತ್ತದೆ. ಆದರೆ ಅದೇ ಊರು 1425ರಲ್ಲಿ ವರದಕ್ಷಿಣೆಗೆಂದೇ ಒಂದು ಸರಕಾರಿ ನಿಧಿ ತೆರೆಯಿತು ಎಂಬುದನ್ನು ಓದುವಾಗ ನಗು ನಿಲ್ಲುತ್ತದೆ. ಮಗಳ ಹೆಸರಿನಲ್ಲಿ ಹಣವಿಟ್ಟರೆ ಮದುವೆಯ ವೇಳೆಗೆ ಬೆಳೆದು ಅಳಿಯನ ಕೈಸೇರುವ ವ್ಯವಸ್ಥೆ. ಅಲೆಸ್ಸಾಂದ್ರಾ ಸ್ತ್ರೊತ್ಸಿ ಎಂಬ ವಿಧವೆ 1447ರಲ್ಲಿ ಹದಿನಾರರ ಮಗಳು ಕತೆರೀನಾಳನ್ನು ರೇಷ್ಮೆ ವ್ಯಾಪಾರಿಯೊಬ್ಬನಿಗೆ ಸಾವಿರ ಫ್ಲಾರಿನ್ ಚಿನ್ನದ ನಾಣ್ಯ ಕೊಟ್ಟು ಗೊತ್ತುಮಾಡಿದಳು. ಅದರಲ್ಲಿ ಅರ್ಧ ಈ ನಿಧಿಯಿಂದ ಬರಬೇಕಾದದ್ದು. ಅಳಿಯ ತನ್ನ ಹೆಂಡತಿಗೆ ಕೆಂಪು ಮಖಮಲ್ಲಿನ ಉಡುಪು ಹೊಲಿಸುತ್ತಿದ್ದಾನೆ, ಅವಳು ಹೊರಗೆ ಹೊರಟಾಗ ಮೈಮೇಲೆ ನಾನೂರು ಫ್ಲಾರಿನ್ನಿಗಿಂತ ಹೆಚ್ಚಿರುತ್ತದೆ ಎಂದು ತಾಯಿ ಮಗನಿಗೆ ಕಾಗದ ಬರೆಯುತ್ತಾಳೆ. ತಾಯಿಯ ಹೆಮ್ಮೆ, ಲೆಕ್ಕ, ಆತಂಕ ಮೂರೂ ಆ ಕಾಗದದಲ್ಲಿವೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತೇವೆ. ಅಲ್ಲಿ ಹುಡುಗಿಯೇ ಗಂಡನ ಅಂಗಡಿಯ ನಡೆದಾಡುವ ಷೋಕೇಸು.

ಹಾಗಾದರೆ ಫ್ಲಾರೆನ್ಸಿಗೆ ಹೋದ ಹೆಂಗಸು ಎಲ್ಲಿಗೆ ಹೋಗಬೇಕು, ಏನು ಕೊಳ್ಳಬೇಕು? ನನ್ನ ಮೆಚ್ಚಿಕೆಯ ಜಾಗಗಳನ್ನು ಹೇಳುತ್ತೇನೆ. ಸಾಂತಾ ಕ್ರೋಚೆ ಚರ್ಚಿನಲ್ಲಿ ಮೈಕೆಲಾಂಜೆಲೊ, ಗೆಲಿಲಿಯೊ ಸಮಾಧಿಗಳನ್ನು ನೋಡಿದವರು ಅದರ ಹಿಂದಿನ ಮಠದ ಭಾಗಕ್ಕೂ ಹೋಗಬೇಕು. ಎರಡನೆಯ ಮಹಾಯುದ್ಧದ ಅನಾಥ ಮಕ್ಕಳಿಗೆ ಒಂದು ಕಸುಬು ಕಲಿಸಬೇಕೆಂದು ಅಲ್ಲಿಯ ಫ್ರಾನ್ಸಿಸ್ಕನ್ ಸನ್ಯಾಸಿಗಳೂ ಚರ್ಮದ ಕಸುಬಿನ ಕುಟುಂಬಗಳೂ ಸೇರಿ 1950ರಲ್ಲಿ ತೆರೆದ ಚರ್ಮದ ಶಾಲೆ ಅಲ್ಲಿದೆ. ಕೆಲಸ ಮಾಡುವವರ ಕೈಯನ್ನು ಕಣ್ಣಾರೆ ನೋಡಬಹುದು. ಬೆಲೆ ಕಡಿಮೆಯಲ್ಲ, ಆದರೆ ಸಣ್ಣದೊಂದು ಕಾಸಿನ ಚೀಲವಾದರೂ ಯಾರು ಮಾಡಿದ್ದೆಂದು ತಿಳಿದು ತರಬಹುದು. ನದಿಯಾಚೆ ಪಿತ್ತಿ ಅರಮನೆಯ ಎದುರು 1856ರಿಂದ ನಡೆದು ಬಂದ ಜನ್ನೀನಿಯವರ ಕಾಗದದ ಅಂಗಡಿಯಿದೆ. ಅಂಟುನೀರಿನ ತೊಟ್ಟಿಯ ಮೇಲೆ ಬಣ್ಣ ತೇಲಿಬಿಟ್ಟು, ಬಾಚಣಿಗೆಯಲ್ಲಿ ಎಳೆದು, ಮೇಲೆ ಕಾಗದ ಹಾಸಿ ಎತ್ತಿದರೆ ನವಿಲುಗರಿಯಂಥ ಚಿತ್ತಾರ ಮೂಡುವುದು ಈ ಕಸುಬಿನ ಗುಟ್ಟು. ತೂಕವಿಲ್ಲದ, ಮುರಿಯದ, ನಿಜವಾಗಿ ಆ ಊರಿನದೇ ಆದ ವಸ್ತು ಇದು. ಅದೇ ದಡದ ಸಾನ್ ಫ್ರೆದಿಯಾನೊ ಬಡಾವಣೆಯಲ್ಲಿ 1786ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಮನೆಯಲ್ಲಿ ಇಂದಿಗೂ ಕೈಮಗ್ಗಗಳು ನಡೆಯುತ್ತವೆ. ಹಾಸಿನ ನೂಲು ಸುತ್ತುವ ಯಂತ್ರವೊಂದು ಲಿಯೊನಾರ್ದೊನ ನಕ್ಷೆಯ ಮೇಲೆ ಮಾಡಿದ್ದು. ಮೊದಲೇ ತಿಳಿಸಿ ಹೋಗಬೇಕು. ಅಲ್ಲಿಯ ಬಟ್ಟೆ ನಮ್ಮಂಥವರ ಕೈಗೆಟುಕದು. ಆದರೆ ಮಗ್ಗದ ಸದ್ದು ಕೇಳುವುದಕ್ಕೆ ದುಡ್ಡಿಲ್ಲ.

ಸಾಂತಾ ಮರಿಯಾ ನೊವೆಲ್ಲಾದ ಸುಗಂಧದ ಅಂಗಡಿ ಎಲ್ಲರಿಗೂ ಗೊತ್ತಿದೆ. 1221ರಲ್ಲಿ ಬಂದು ನೆಲೆಸಿದ ದೊಮಿನಿಕನ್ ಸನ್ಯಾಸಿಗಳ ಮೂಲಿಕೆ ಮದ್ದಿನ ಮನೆ 1612ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗ ಅದು ಸನ್ಯಾಸಿಗಳದಲ್ಲ, ಕಂಪನಿಯದು. ಕೊಠಡಿಗಳ ಚೆಲುವು ಮಾತ್ರ ಹಾಗೆಯೇ ಇದೆ. ತೊರ್ನಬೂವೊನಿ ಬೀದಿಯ ದೊಡ್ಡ ಹೆಸರಿನ ಅಂಗಡಿಗಳನ್ನು ಹೊರಗಿನಿಂದ ನೋಡಿದರೆ ಸಾಕು. ಫೆರ್ರಗಾಮೊನ ಪಾದರಕ್ಷೆ ಮ್ಯೂಸಿಯಮ್ಮಿಗೆ ಮಾತ್ರ ಒಳಗೆ ಹೋಗಬಹುದು. ಇಥಿಯೋಪಿಯಾದ ಮೇಲೆ ಇಟಲಿ 1935ರಲ್ಲಿ ದಂಡೆತ್ತಿ ಹೋದದ್ದಕ್ಕೆ ರಾಷ್ಟ್ರಗಳು ವ್ಯಾಪಾರ ದಿಗ್ಬಂಧ ಹಾಕಿದಾಗ ಒಳ್ಳೆಯ ಉಕ್ಕು ಸಿಗದೆ, ಬೆಂಡಿನ ದಪ್ಪ ಹಿಮ್ಮಡಿ ಮಾಡಿ ಗೆದ್ದವನು ಅವನು. ಇಲ್ಲದ್ದರಲ್ಲೇ ಸಂಸಾರ ತೂಗಿಸುವವರಿಗೆ ಅವನ ಜಾಣತನ ಅರ್ಥವಾಗುತ್ತದೆ. ತರಕಾರಿ, ಕಾಳು, ಎಣ್ಣೆ, ಗಿಣ್ಣುಗಳಿಗೆ ಊರಿನ ಹೆಂಗಸರು ಹೋಗುವ ಮಾರುಕಟ್ಟೆ ನೋಡಬೇಕೆಂದರೆ ಸಾಂತಾಂಬ್ರೋಜೊಗೆ ಬೆಳಿಗ್ಗೆ ಹೋಗಬೇಕು. 1873ರ ಕಟ್ಟಡ. ಕೈಯಲ್ಲಿ ಬುಟ್ಟಿ ಹಿಡಿದ ಅಜ್ಜಿಯೊಬ್ಬಳು ಬದನೆಕಾಯಿಯನ್ನು ಒತ್ತಿ ನೋಡಹೋಗಿ ಅಂಗಡಿಯವಳಿಂದ ಬೈಸಿಕೊಂಡದ್ದನ್ನು ಕಂಡು ನನಗೆ ನಮ್ಮೂರಿನ ಸಂತೆಯೇ ನೆನಪಾಯಿತು. ಅಲ್ಲಿ ಹಣ್ಣು ತರಕಾರಿಯನ್ನು ನಾವು ಮುಟ್ಟುವಂತಿಲ್ಲ, ಅವರೇ ಆರಿಸಿ ಕೊಡುತ್ತಾರೆ.

ಎರಡು ಲೆಕ್ಕದ ಮಾತು. ಯುರೋಪ್ ಒಕ್ಕೂಟದ ಹೊರಗಿನಿಂದ ಹೋದ ನಮಗೆ, ಒಂದೇ ಅಂಗಡಿಯಲ್ಲಿ 70 ಯೂರೋಗಿಂತ ಹೆಚ್ಚಿನ ಖರೀದಿಯಾಗಿದ್ದರೆ, ಬೆಲೆಯಲ್ಲಿ ಸೇರಿದ ತೆರಿಗೆಯ ಒಂದು ಪಾಲು ಹಿಂದಕ್ಕೆ ಸಿಗುತ್ತದೆ. 2024ರ ಫೆಬ್ರುವರಿಗೆ ಮುಂಚೆ ಈ ಮಿತಿ ಇದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಕಾಗದ ಮಾಡಿಸಿಕೊಂಡು, ಒಕ್ಕೂಟ ಬಿಡುವ ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಖಾತ್ರಿ ಮಾಡಿಸಬೇಕು. ಇನ್ನೊಂದು, ಸೇತುವೆಯ ಬದಿಯಲ್ಲಿ ಬಟ್ಟೆ ಹಾಸಿ ಮಾರುವ ದೊಡ್ಡ ಕಂಪನಿಯ ನಕಲಿ ಚೀಲಗಳನ್ನು ಮುಟ್ಟಬಾರದು. ಅಲ್ಲಿ ಮಾರಿದವನಿಗಷ್ಟೇ ಅಲ್ಲ, ಕೊಂಡವರಿಗೂ ದಂಡವಿದೆ, ಅದು 7,000 ಯೂರೋವರೆಗೂ ಹೋಗಬಹುದು.

ಕೊನೆಯದಾಗಿ, ಏನನ್ನೂ ಕೊಳ್ಳಲಾಗದ ಒಂದು ಜಾಗವನ್ನು ಈ ಪಟ್ಟಿಗೆ ಸೇರಿಸುತ್ತೇನೆ. ರೇಷ್ಮೆ ಸಂಘದವರು 1419ರಲ್ಲಿ ಬ್ರುನೆಲೆಸ್ಕಿಯಿಂದ ಕಟ್ಟಿಸತೊಡಗಿದ ಅನಾಥ ಶಿಶುಗಳ ಆಶ್ರಮ ಅದು. ಹೊರಗಿನ ಕಮಾನುಗಳ ಮೇಲೆ ನೀಲಿ ಹಿನ್ನೆಲೆಯಲ್ಲಿ ಬಟ್ಟೆ ಸುತ್ತಿದ ಹಸುಗೂಸುಗಳ ಮಣ್ಣಿನ ಶಿಲ್ಪಗಳಿವೆ. 1445ರ ಫೆಬ್ರುವರಿ 5ರಂದು ಅಲ್ಲಿ ಸೇರಿದ ಮೊದಲ ಕೂಸು ಹೆಣ್ಣು. ಅಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಆಮೇಲೂ ಬಂದವರಲ್ಲಿ ಹೆಣ್ಣು ಕೂಸುಗಳೇ ಹೆಚ್ಚು. ವರದಕ್ಷಿಣೆಯ ನಿಧಿಯಿದ್ದ ಊರಲ್ಲವೆ? ಒಳಗಿನ ಮ್ಯೂಸಿಯಮ್ಮಿನಲ್ಲಿ ಸಣ್ಣ ಸಣ್ಣ ಖಾನೆಗಳಿವೆ. ಎಳೆದರೆ ಒಂದೊಂದರಲ್ಲೂ ಒಂದು ಒಡೆದ ಪದಕ, ಅರ್ಧ ನಾಣ್ಯ, ಒಂದು ಚೂರು ರಿಬ್ಬನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಯಂದಿರು ಕೂಸಿನ ಬಟ್ಟೆಯೊಳಗೆ ಇಟ್ಟು ಹೋದ ಗುರುತುಗಳು. ಇನ್ನರ್ಧ ತಮ್ಮಲ್ಲಿ ಇಟ್ಟುಕೊಂಡು, ಎಂದಾದರೂ ಬಂದು ಎರಡನ್ನೂ ಕೂಡಿಸಿ ತೋರಿಸಿ ಮಗುವನ್ನು ಬಿಡಿಸಿಕೊಳ್ಳುವ ಆಸೆ. ಮಗಳು ಒಂದು ಖಾನೆ ಎಳೆದಳು, ಮತ್ತೊಂದು ಎಳೆದಳು, ಆಮೇಲೆ "ಸಾಕಮ್ಮ" ಎಂದಳು.

ಹತ್ತಾರು ಅಂಗಡಿ ನೋಡಿದ ಮೇಲೆ ಈ ಖಾನೆಗಳನ್ನು ನೋಡುವುದು ಒಳ್ಳೆಯದು ಎಂದು ನನ್ನ ಭಾವನೆ. ರೇಷ್ಮೆಯ ಲಾಭವೂ, ಅದರಿಂದ ಆದ ಧರ್ಮವೂ, ಅದು ತಪ್ಪಿಸಲಾಗದ ದುಃಖವೂ ಒಂದೇ ಸೂರಿನಡಿ ಅಲ್ಲಿವೆ. ಫ್ಲಾರೆನ್ಸಿನ ಪೇಟೆಯನ್ನು ತಿಳಿದುಕೊಳ್ಳಬೇಕೆಂದರೆ ಈ ಮೂರನ್ನೂ ನೋಡಬೇಕು. ಹೋಗುವ ಅಕ್ಕತಂಗಿಯರಿಗೆ ನಾನು ಇಟಾಲಿಯನ್ ಭಾಷೆಯ ಒಂದೇ ವಾಕ್ಯ ಕಲಿತು ಹೋಗಲು ಹೇಳುತ್ತೇನೆ. 'ಕಿ ಲಾ ಫಾತ್ತೊ?' ಇದನ್ನು ಮಾಡಿದವರು ಯಾರು? ಬೆಲೆ ಕೇಳುವ ಮೊದಲು ಇದನ್ನು ಕೇಳಿ. ಉತ್ತರ ಕೊಡಬಲ್ಲ ಅಂಗಡಿಯಲ್ಲಿ ಒಂದು ಚಿಕ್ಕ ವಸ್ತುವನ್ನಾದರೂ ಕೊಳ್ಳಿ. ಉತ್ತರವಿಲ್ಲದ ಕಡೆ ಎಷ್ಟೇ ಅಗ್ಗವಾಗಿದ್ದರೂ ಕೈಚೀಲದ ಬಾಯಿ ಬಿಚ್ಚಬೇಡಿ.